ನಾಲ್ಕು ಬೆರಳು ಎತ್ತರದ ಕಾರು

ಬೀದಿಯ ಬಾಯಲ್ಲಿ ವೇಗ ತಡೆಯುವ ಒಂದು ಹಂಪು ಇತ್ತು. ಅದನ್ನು ಹಾಕಲು ಬಂದವರು ಮಿಕ್ಕ ಡಾಂಬರನ್ನು ವಾಪಸು ಹೊತ್ತುಕೊಂಡು ಹೋಗುವ ಸೋಮಾರಿತನಕ್ಕೆ ಎಲ್ಲವನ್ನೂ ಅಲ್ಲೇ ಸುರಿದು ಕೈತೊಳೆದುಕೊಂಡಿದ್ದರು. ತಕ್ಕಡಿ ಸಾಹೇಬರ ಪುಟ್ಟ ಕಾರು ಅದನ್ನು ದಾಟುವಾಗ ಒಳಗೆ ಅವರು, ಹೆಂಡತಿ ಇಬ್ಬರೇ ಇದ್ದರೆ ಸದ್ದಿರುತ್ತಿರಲಿಲ್ಲ. ಮೂರನೆಯವರು ಹತ್ತಿದರೆ ಕಾರಿನ ಹೊಟ್ಟೆ ಕೊಂಚ ಕೆರೆಯುತ್ತಿತ್ತು. ನೆಂಟರಿದ್ದರೆ ಪಾತ್ರೆ ಉಜ್ಜಿದ ಹಾಗೆ ಬೀದಿಯೆಲ್ಲ ಕೇಳಿಸುತ್ತಿತ್ತು. ಆ ಸದ್ದಿನ ಮೇಲೆಯೇ ಅವರ ಮನೆಗೆ ಎಷ್ಟು ಜನ ಬಂದರೆಂದು ನೆರೆಯವರು ಹೇಳಿಬಿಡುತ್ತಿದ್ದರು.

ಸಾಹೇಬರೆಂದರೆ ದೊಡ್ಡ ಅಧಿಕಾರಿಯೇನಲ್ಲ. ತೂಕ ಅಳತೆಯ ಕಚೇರಿಯಲ್ಲಿ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ ಅವರದು. ಇಪ್ಪತ್ತು ವರ್ಷ ಅದನ್ನೇ ಮಾಡಿ ಅವರಿಗೆ ಒಂದು ಚಟ ಅಂಟಿತ್ತು. ಯಾವುದೂ ಒಂದು ಕೂದಲು ಹೆಚ್ಚಾಗಬಾರದು, ಒಂದು ಕೂದಲು ಕಡಿಮೆಯೂ ಆಗಬಾರದು.

ಈ ಚಟವೇ ಅವರಿಗೆ ಮುಳುವಾಗಿತ್ತು. ಒಂದೂವರೆ ವರ್ಷದ ಹಿಂದೆ ಅತ್ತೆಯನ್ನು ಕರೆತರುವಾಗ ಕಾರು ಹಂಪಿನ ಮೇಲೆ ಸಿಕ್ಕಿಕೊಂಡಿತು. ಒಳಗೆ ಹೆಂಡತಿ, ಅತ್ತೆ, ಎರಡು ಚೀಲ, ಒಂದು ಪೆಟ್ಟಿಗೆ. ಬೇರೆ ಯಾರಾದರೂ ಆಗಿದ್ದರೆ "ಎಲ್ಲರೂ ಸ್ವಲ್ಪ ಇಳೀರಿ" ಎನ್ನುತ್ತಿದ್ದರು. ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಅತ್ತೆ, ನೀವೊಬ್ಬರು ಇಳಿದರೆ ಸಾಕು" ಎಂದರು. ಇಡೀ ಬೀದಿ ಬಾಗಿಲಲ್ಲಿ ನಿಂತಿತ್ತು. ಅತ್ತೆ ಇಳಿದರು. ಕಾರು ಹೂವಿನಂತೆ ಎದ್ದು ಹೋಯಿತು. ಅತ್ತೆ ಮರುದಿನವೇ ಊರಿಗೆ ಹೊರಟುಹೋದವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.

ಹೆಂಡತಿ ಕಾಡಿ ಬೇಡಿ ಈಗ ಅಮ್ಮನನ್ನು ಒಪ್ಪಿಸಿದ್ದಳು. ಇವತ್ತು ಸಂಜೆ ಐದರ ರೈಲಿಗೆ ಬರುತ್ತಾರೆ, ನಾಲ್ಕೇ ದಿನ ಇರುತ್ತಾರೆ. ಬೆಳಗ್ಗೆ ಸಾಹೇಬರು ಕಾರಿನ ಬೀಗದ ಕೈ ಹುಡುಕುತ್ತಿದ್ದಾಗ ಅವಳು ಅದನ್ನು ಅವರ ಅಂಗೈಗೆ ಇಟ್ಟು ಮೆಲ್ಲಗೆ ಹೇಳಿದಳು. "ಆ ಹಂಪಿನ ಹತ್ರ ಈ ಸಲ ನಮ್ಮಮ್ಮನ ಕಾಲು ನೆಲಕ್ಕೆ ತಾಗಿದ್ರೆ, ವಾಪಸ್ ರೈಲಿಗೆ ಎರಡು ಟಿಕೆಟ್ ತಗೊಳ್ಳಿ. ಒಂದು ನನಗೆ."

ಕಚೇರಿಯಲ್ಲಿ ಸಾಹೇಬರ ಮುಖ ನೋಡಿ ಪಕ್ಕದ ಮೇಜಿನ ಸಹೋದ್ಯೋಗಿ ವಿಷಯ ಕೇಳಿದ. ಮಾತಿಗೆ ಮುಂಚೆ "ನಂಗೊತ್ತಪ್ಪ" ಎನ್ನುವುದರಿಂದ ಅವನನ್ನು ಎಲ್ಲರೂ ಗೊತ್ತಪ್ಪ ಎಂದೇ ಕರೆಯುತ್ತಿದ್ದರು.

"ನಂಗೊತ್ತಪ್ಪ ಇದಕ್ಕೆ ಮದ್ದು" ಎಂದ ಗೊತ್ತಪ್ಪ. "ಕಾರು ಎತ್ತರಿಸಿಬಿಡಿ. ಬೇರೆ ಮಾಡೆಲ್ಲಿನ ಉದ್ದನೆ ಸ್ಪ್ರಿಂಗು ಹಾಕಿದ್ರೆ ಆಯ್ತು. ನಮ್ಮ ಮೆಕ್ಯಾನಿಕ್ಕಿಗೆ ನಾನು ಫೋನ್ ಮಾಡ್ತೀನಿ. ಅರ್ಧ ದಿನದ ಕೆಲಸ."

ಫೋನನ್ನೂ ಮಾಡಿದ, ಸಾಹೇಬರ ರಜೆ ಚೀಟಿಯನ್ನೂ ತಾನೇ ಬರೆದ. ಜಗತ್ತಿನಲ್ಲಿ ಇಂಥ ಒಳ್ಳೆಯವರೂ ಇದ್ದಾರಲ್ಲ ಎಂದು ಸಾಹೇಬರಿಗೆ ಕಣ್ಣು ತುಂಬಿ ಬಂತು.

ವರ್ಕ್‌ಶಾಪಿಗೆ ಹೋಗುವ ದಾರಿಯಲ್ಲಿ ನೆರೆಮನೆಯ ನಿವೃತ್ತ ಬಸ್ ಕಂಡಕ್ಟರ್ ಕೈ ಅಡ್ಡ ಹಾಕಿ ಹತ್ತಿಕೊಂಡರು. ಎಲ್ಲಿಗೆ ಎಂದು ಕೇಳಿದ್ದು ಕೂತ ಮೇಲೆ. ವಿಷಯ ತಿಳಿದ ಮೇಲಂತೂ ಇಳಿಯುವ ಮಾತೇ ಇರಲಿಲ್ಲ.

ಮೆಕ್ಯಾನಿಕ್ ಕಾರಿನ ಕೆಳಗೆ ನುಸುಳಿ, ಹೊರಬಂದು, ಸಂಬಂಧ ಕೂಡಿಸುವವನ ಗತ್ತಿನಲ್ಲಿ ತಲೆದೂಗಿದ. "ಮುಂದಕ್ಕೆ ಸರಕು ವ್ಯಾನಿನದು ಹಾಕೋಣ. ಹಿಂದಕ್ಕೂ ಅದನ್ನೇ ಹಾಕಿದ್ರೆ ಗಟ್ಟಿ ಇರುತ್ತೆ."

"ಗಟ್ಟಿ ಬೇಡ" ಎಂದರು ಸಾಹೇಬರು. "ಅತ್ತೆಗೆ ಸೊಂಟನೋವು. ಎತ್ತರವಾಗಿಯೂ ಇರಬೇಕು, ಮೆತ್ತಗೂ ಇರಬೇಕು."

ಮೆಕ್ಯಾನಿಕ್ ಒಂದು ಕ್ಷಣ ಯೋಚಿಸಿದ. ಒಳಗೆ ಹೋಗಿ ಒಂದು ಜೊತೆ ಸ್ಪ್ರಿಂಗು ತಂದ. "ಇದು ದೊಡ್ಡ ಐಷಾರಾಮಿ ಕಾರಿಂದು. ಇದರ ಮೇಲೆ ಕೂತ್ರೆ ನಿದ್ದೆ ಬರುತ್ತೆ. ಆದ್ರೆ ಒಂದು, ಭಾರ ಬಿದ್ರೆ ಚೆನ್ನಾಗಿ ಕುಸಿಯುತ್ತೆ."

ಸಾಹೇಬರ ಒಳಗಿನ ಪರೀಕ್ಷಕ ಎಚ್ಚೆತ್ತುಕೊಂಡ. ಖಾಲಿ ಕಾರು ಹಂಪಿಗೆ ತಾಗುವುದಿಲ್ಲ ತಾನೇ? ಹಾಗಾದರೆ ಅತ್ತೆ ಕೂತಾಗಲೂ ಕಾರು ಮೊದಲು ಖಾಲಿ ಇದ್ದಾಗಿನಷ್ಟೇ ಎತ್ತರದಲ್ಲಿ ನಿಲ್ಲಬೇಕು. ಅಷ್ಟಾದರೆ ಗೆದ್ದಂತೆ. ಅಳತೆ ಪಟ್ಟಿ ಹೊರಗೆ ಬಂತು. ಈಗ ಬೇಕಾಗಿದ್ದು ಅತ್ತೆಯ ತೂಕ ಒಂದೇ. ಮನೆಗೆ ಫೋನ್ ಮಾಡಿದರು.

"ನಿಮ್ಮಮ್ಮ ಎಷ್ಟು ತೂಗ್ತಾರೆ?"

"ಯಾಕೆ, ಮುದ್ರೆ ಒತ್ತಬೇಕಾ?" ಎಂದಳು ಹೆಂಡತಿ. ಫೋನ್ ಇಟ್ಟ ಸದ್ದು ಮೆಕ್ಯಾನಿಕ್ಕಿಗೂ ಕೇಳಿಸಿತು.

ಸರಿ, ಕಣ್ಣಂದಾಜು. ಇಪ್ಪತ್ತು ವರ್ಷ ಮೂಟೆ ನೋಡಿದ ಕಣ್ಣು ಸುಳ್ಳು ಹೇಳುವುದಿಲ್ಲ. ಸಾಹೇಬರು ವರ್ಕ್‌ಶಾಪನ್ನು ಒಂದು ಸುತ್ತು ಹಾಕಿ ಮೂಲೆಯಲ್ಲಿದ್ದ ಹಳೆಯ ಇಂಜಿನ್ನಿನ ಮುಂದೆ ನಿಂತರು. "ಇದು ಸರಿಹೋಗುತ್ತೆ" ಎಂದರು. ನಾಲ್ಕು ಜನ ಸೇರಿ ಇಂಜಿನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಸೀಟು ಕೊಳೆಯಾಗದಿರಲಿ ಎಂದು ಕಂಡಕ್ಟರ್ ಅದಕ್ಕೊಂದು ಟವೆಲ್ ಹೊದಿಸಿದರು.

ಅಲ್ಲಿಂದ ಮುಂದೆ ಆ ಇಂಜಿನ್ನಿಗೆ ಅತ್ತೆ ಎಂದೇ ಹೆಸರಾಯಿತು. "ಅತ್ತೆಯನ್ನ ಸ್ವಲ್ಪ ಬಲಕ್ಕೆ ಜರುಗಿಸಿ." "ಅತ್ತೆಯಿಂದ ಎಣ್ಣೆ ಸೋರ್ತಿದೆ ಸಾಹೇಬ್ರೆ." ಐದು ಸಲ ಅತ್ತೆಯನ್ನು ಇಳಿಸಿ, ಐದು ಸಲ ಹತ್ತಿಸಿ, ಸ್ಪ್ರಿಂಗಿನ ಕೆಳಗೆ ರಬ್ಬರು ಬಿಲ್ಲೆ ಇಟ್ಟು, ತೆಗೆದು, ಮತ್ತೆ ಇಟ್ಟು, ಮಧ್ಯಾಹ್ನ ಮೂರಕ್ಕೆ ಕಾರು ಸಾಹೇಬರ ಮನಸ್ಸಿಗೆ ಬಂತು. ಖಾಲಿ ಇದ್ದಾಗ ಅದು ನಾಲ್ಕು ಬೆರಳು ಎತ್ತರ ಎದ್ದು ನಿಲ್ಲುತ್ತಿತ್ತು. ಅತ್ತೆ ಕೂತರೆ ಹಳೆಯ ಗುರುತಿಗೆ ಬಂದು ನಿಲ್ಲುತ್ತಿತ್ತು. ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ.

"ರೈಟ್, ರೈಟ್" ಎಂದು ಕಂಡಕ್ಟರ್ ಬಾನೆಟ್ ತಟ್ಟಿದರು. ಹಳೆಯ ಸ್ಪ್ರಿಂಗುಗಳನ್ನು ಅಲ್ಲೇ ಬಿಟ್ಟು ಸಾಹೇಬರು ಸ್ಟೇಷನ್ನಿಗೆ ಹೊರಟರು.

ಹೆಂಡತಿ ಮೊದಲೇ ಬಂದು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದಳು. ಅತ್ತೆ ರೈಲಿಳಿದು ಕಾರನ್ನು ಕಂಡು, "ಇದೇನು, ನಿಮ್ಮ ಕಾರು ಬೆಳೆದಿದೆಯಲ್ಲ" ಎಂದರು. ಹತ್ತಲು ಒಬ್ಬ ಹಮಾಲ, ಒಂದು ಪೆಟ್ಟಿಗೆ ಮತ್ತು ಸಾಹೇಬರ ಭುಜ ಬೇಕಾಯಿತು. ಹತ್ತಿದ ಮೇಲೆ ಮಾತ್ರ ಮುಖ ಅರಳಿತು. ಕಾರು ತೊಟ್ಟಿಲಿನಂತೆ ತೂಗುತ್ತಿತ್ತು. ಅರ್ಧ ದಾರಿಯಲ್ಲಿ ಸಣ್ಣದಾಗಿ ಒಂದು ನಿದ್ದೆಯನ್ನೂ ತೆಗೆದರು.

ಹಂಪು ಬಂತು. ಬೀದಿಯವರು ಬಾಗಿಲಿಗೆ ಬಂದು ಕಿವಿ ನಿಮಿರಿಸಿ ನಿಂತಿದ್ದರು. ಸಾಹೇಬರು ಗೇರ್ ಇಳಿಸಿದರು. ಮುಂದಿನ ಚಕ್ರ ಏರಿತು, ಇಳಿಯಿತು. ಹಿಂದಿನ ಚಕ್ರ ಏರಿತು, ಇಳಿಯಿತು. ಸದ್ದೇ ಇಲ್ಲ. ಬೀದಿಯವರು ಪೆಚ್ಚಾಗಿ ಒಳಗೆ ಹೋದರು. ಹೆಂಡತಿ ಹಿಂದಿನಿಂದ ಸಾಹೇಬರ ಭುಜವನ್ನು ಒಮ್ಮೆ ಒತ್ತಿದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಅದೇ ಖುಷಿಯಲ್ಲಿ ಕಾರನ್ನು ನೇರ ಮನೆಯ ಪಕ್ಕದ ಶೆಡ್ಡಿಗೆ ನುಗ್ಗಿಸಿದರು. ಬೀದಿ ಇಕ್ಕಟ್ಟು, ಹೊರಗೆ ನಿಲ್ಲಿಸಿದರೆ ನೀರಿನ ಟ್ಯಾಂಕರು ಬರುವ ಹಾಗಿಲ್ಲ. ಶೆಡ್ಡಿನ ಬಾಯಿಗೆ ಒಂದು ಕಬ್ಬಿಣದ ತೊಲೆ ಅಡ್ಡ ಇತ್ತು. ಅದನ್ನೂ ಹಿಂದೆ ಸಾಹೇಬರೇ ನಿಂತು, ಕಾರಿನ ಎತ್ತರಕ್ಕೆ ಒಂದು ಬೆರಳು ಬಿಟ್ಟು ಹಾಕಿಸಿದ್ದರು. ಕಾರು ಅದರ ಅಡಿಯಲ್ಲಿ ಸರಾಗವಾಗಿ ಒಳಗೆ ಹೋಗಿ ನಿಂತಿತು. ಗಿಡ್ಡ ಶೆಡ್ಡಾದ್ದರಿಂದ ಕಾರಿನ ಹಿಂಭಾಗ ಎಂದಿನಂತೆ ತೊಲೆಯ ಕೆಳಗೇ ಉಳಿಯಿತು. ಹೆಂಡತಿ ಇಳಿದಳು. ಚೀಲ ಇಳಿದವು. ಕೊನೆಗೆ ಅತ್ತೆ ಇಳಿದರು.

ಕಾರು ನಿಟ್ಟುಸಿರು ಬಿಟ್ಟು ಮೇಲೆದ್ದಿತು. ಅದರ ತಲೆ ತೊಲೆಗೆ ಬಡಿದು ಅಲ್ಲೇ ಕಚ್ಚಿಕೊಂಡಿತು.

ಸಾಹೇಬರು ರಿವರ್ಸ್ ಹಾಕಿದರು. ಶೆಡ್ಡೇ ಅಲುಗಿತು. ಕಂಡಕ್ಟರ್ ಬೇಲಿ ಹಾರಿ ಬಂದು, "ಹೋಲ್ಡಾನ್, ಹೋಲ್ಡಾನ್. ಭಾರ ಹಾಕಿದ್ರೆ ಇಳಿಯುತ್ತೆ" ಎಂದು ತಾವೇ ಹಿಂದೆ ಕೂತರು. ಹೆಂಡತಿಯೂ ಪಕ್ಕದಲ್ಲಿ ಕೂತಳು. ಕಂಡಕ್ಟರ್ ಒಣಕಲು ಕಡ್ಡಿ, ಹೆಂಡತಿ ಅವರಿಗಿಂತ ಕಡ್ಡಿ. ಕಾರು ಜಗ್ಗಲಿಲ್ಲ.

"ಟೈರಿನ ಗಾಳಿ ಬಿಟ್ರೆ?" ಎಂದರು ಸಾಹೇಬರು.

"ದಿನಾ ಗಾಳಿ ಬಿಟ್ಟು, ದಿನಾ ತುಂಬಿಸ್ಕೊಂಡು ಕಚೇರಿಗೆ ಹೋಗ್ತೀರಾ?" ಎಂದ ಕಂಡಕ್ಟರಿಗೆ ತಟ್ಟನೆ ಉಪಾಯ ಹೊಳೆಯಿತು. "ಆ ವರ್ಕ್‌ಶಾಪಿನ ಇಂಜಿನ್ನೇ ತರಿಸಿಬಿಡಿ ಸಾಹೇಬ್ರೆ. ಬೆಳಗ್ಗೆಯೆಲ್ಲ ನಿಮ್ಮತ್ತೆ ಲೆಕ್ಕಕ್ಕೆ ಅದನ್ನೇ ಅಲ್ವಾ ಕೂರಿಸಿದ್ದು?"

ಮಾತು ಮುಗಿದ ಮೇಲೆ ಅವರು ತಿರುಗಿ ನೋಡಿದರು. ಅತ್ತೆ ಅಲ್ಲೇ ಜಗುಲಿಯ ಮೇಲೆ ನಿಂತಿದ್ದರು. ಹೆಂಡತಿಯ ಕಣ್ಣಿನಲ್ಲಿ ಸಾಹೇಬರಿಗೆ ಎರಡು ರೈಲು ಟಿಕೆಟ್ ಕಂಡವು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡರು.

ಅತ್ತೆ ಮೆಲ್ಲಗೆ ಇಳಿದು ಬಂದರು. ತೊಲೆ ನೋಡಿದರು, ಕಾರು ನೋಡಿದರು, ಅಳಿಯನ ಬೆವರು ನೋಡಿದರು. "ನಾನು ಬರ್ತೀನಂತ ಬೆಳಗ್ಗೆಯಿಂದ ಇಷ್ಟೆಲ್ಲ ಮಾಡಿದ್ರಾ?"

"ಹೌದು ಅತ್ತೆ" ಎಂದರು ಸಾಹೇಬರು.

"ಕಬ್ಬಿಣ ಯಾಕೆ ಹೊತ್ಕೊಂಡು ಬರೋದು, ನಾನೇ ಇದ್ದೀನಲ್ಲ" ಎಂದು ಅತ್ತೆ ಸ್ಟೂಲು ತರಿಸಿ, ಕಂಡಕ್ಟರನ್ನು ಇಳಿಸಿ, ಹತ್ತಿ ಕೂತರು. ಕಾರು ತಲೆ ಬಾಗಿಸಿ ಹೊರಗೆ ಬಂತು. ಒಳಗೆ ಹೋಯಿತು. ಇನ್ನೊಮ್ಮೆ ಬಂತು. ಅತ್ತೆಗೆ ಆಟ ಹಿಡಿಸಿಬಿಟ್ಟಿತು. "ನಾಲ್ಕು ದಿನ ಇದ್ದು ಹೋದ್ರೆ ಇವರು ಕಚೇರಿಗೆ ಹೋಗೋದು ಹೇಗೆ?" ಎಂದು ಅವರು ಮಗಳನ್ನು ಕೇಳಿದರು. ಹೆಂಡತಿ ಅಮ್ಮನ ಕೈ ಹಿಡಿದುಕೊಂಡು ನಕ್ಕಳು. ಅಷ್ಟು ನಗು ಆ ಮನೆಯಲ್ಲಿ ಒಂದೂವರೆ ವರ್ಷದಿಂದ ಕೇಳಿರಲಿಲ್ಲ.

ಸಾಹೇಬರೂ ನಕ್ಕರು. ಆಮೇಲೆ ಮೆಲ್ಲಗೆ ಹಿತ್ತಲಿಗೆ ಹೋಗಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು. "ನಾಳೆ ಬರ್ತೀನಿ. ನನ್ನ ಹಳೇ ಸ್ಪ್ರಿಂಗೇ ವಾಪಸ್ ಹಾಕಿಬಿಡು."

"ಅಯ್ಯೋ, ಅವು ಆಗಲೇ ಹೋದ್ವು ಸಾಹೇಬ್ರೆ. ನಿಮ್ಮ ಗೊತ್ತಪ್ಪನವರೇ ಹಾಕಿಸ್ಕೊಂಡು ಹೋದ್ರು."

"ಅವನಿಗ್ಯಾಕೆ?"

"ನಿಮ್ಮ ಕಾರಿಗೆ ಹಾಕಿದ ಆ ಮೆತ್ತನೆ ಸ್ಪ್ರಿಂಗು ಅವರ ಕಾರಿಂದಾನೇ ಬಿಚ್ಚಿದ್ದು ಅಲ್ವಾ. ಆ ದೊಡ್ಡ ಕಾರಿಂದು ತಂದು ಹಾಕಿಸ್ಕೊಂಡಿದ್ರು, ಆಮೇಲೆ ಅವರ ಕಾರೂ ಶೆಡ್ಡಿಗೆ ಹೋಗ್ತಿರಲಿಲ್ಲ. ಎಂಟು ತಿಂಗಳಿಂದ ಅವರತ್ತೆ ದಿನಾ ಹಿಂದೆ ಕೂತ್ಕೋತಿದ್ರು. ಪಾಪ, ಇವತ್ತು ಸಂಜೆ ಅವರನ್ನ ಊರಿಗೆ ಕಳಿಸಿಕೊಟ್ರಂತೆ."

ಸಾಹೇಬರು ಫೋನನ್ನು ಜೇಬಿಗೆ ಹಾಕಿಕೊಂಡು ಒಳಗೆ ಬಂದರು. ಅತ್ತೆ ಪೆಟ್ಟಿಗೆಯಿಂದ ಸೀರೆಗಳನ್ನೆಲ್ಲ ತೆಗೆದು ಬೀರುವಿನಲ್ಲಿ ಜೋಡಿಸುತ್ತಿದ್ದರು.

"ನಾಳೆ ಎಷ್ಟು ಹೊತ್ತಿಗೆ ಹೊರಡೋದು, ಅಳಿಯಂದ್ರೇ?"

"ಒಂಬತ್ತೂವರೆಗೆ, ಅತ್ತೆ" ಎಂದರು ಸಾಹೇಬರು.