ಕೆಡದ ಮಿಕ್ಸಿ, ಬಿದ್ದ ಷೇರು

ಒಳ್ಳೆಯವರಿಗೆ ಒಳ್ಳೆಯದೇ ಆಗುತ್ತದೆ ಎಂದು ಕಾನ್ವೆಂಟಿನ ಸಿಸ್ಟರುಗಳು ಹೇಳಿಕೊಟ್ಟದ್ದನ್ನು ಈ ವಯಸ್ಸಿನವರೆಗೂ ನಂಬಿಕೊಂಡು ಬಂದವಳು ನಾನು. ನಂಬಿದ್ದರಲ್ಲಿ ತಪ್ಪೇನಿಲ್ಲ, ಆ ನಂಬಿಕೆಯನ್ನು ಷೇರುಪೇಟೆಗೆ ಕರೆದೊಯ್ಯಬಾರದಿತ್ತು.

ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಹದಿನೆಂಟು ವರ್ಷದ ಮಿಕ್ಸಿಯೊಂದಿದೆ. ಮುಚ್ಚಳದ ಹಿಡಿ ಮುರಿದಿದೆ, ಬಿಳಿ ಮೈ ಅರಿಸಿನಕ್ಕೆ ತಿರುಗಿದೆ, ಆದರೆ ಒಂದು ದಿನವೂ ಕೆಟ್ಟು ಕೂತಿಲ್ಲ. ಕಳೆದ ವರ್ಷ ನನ್ನ ಎರಡು ದವಡೆ ಹಲ್ಲು ಕೀಳಿಸಬೇಕಾಯಿತು. ಹೊಸ ಹಲ್ಲು ಕೂರಿಸಲೆಂದು ಬಿಲ್ಡಿಂಗಿನ ಹೆಂಗಸರ ಚೀಟಿಯಲ್ಲಿ ಬಂದ ಹಣ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ಆ ಮಿಕ್ಸಿ ಕಂಪನಿಯ ಷೇರು ದಿನದಿನವೂ ಏರುತ್ತಿದೆ ಎಂಬ ಮಾತು ಲಿಫ್ಟಿನಲ್ಲಿ ಕಿವಿಗೆ ಬಿತ್ತು. ಇಷ್ಟು ಸಾಧು ಯಂತ್ರ ಮಾಡುವವರು ನನ್ನ ಕೈ ಬಿಡುತ್ತಾರೆಯೇ? ಹಲ್ಲಿನ ಹಣವನ್ನೆಲ್ಲ ಹಾಕಿದೆ. ಮೂರೇ ತಿಂಗಳಲ್ಲಿ ಅದು ಅರ್ಧವಾಯಿತು. ಈಗ ಬೆಳಿಗ್ಗೆ ಚಟ್ನಿ ಅರೆಯುವಾಗ ಆ ಮಿಕ್ಸಿಯ ಆರೋಗ್ಯ ನೋಡಿಯೇ ಅಳು ಬರುತ್ತದೆ.

ನಮ್ಮೆಜಮಾನರು ಘಣಸೋಲಿಯ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರು. “ಕಂಪನಿ ಮುಳುಗಿತಾ?” ಎಂದು ಅವರನ್ನು ಕೇಳಿದೆ.

“ಕಂಪನಿಗೆ ಎಂತ ಆಗಿದೆ? ಲಾಭದಲ್ಲೇ ಉಂಟು. ನೀನು ಕೊಟ್ಟ ರೇಟು ಜಾಸ್ತಿ ಆಯ್ತು ಮಾರಾಯ್ತಿ. ನಮ್ಮ ಹೋಟೆಲಿನ ಬನ್ಸ್ ಒಳ್ಳೇದಲ್ವಾ?”

“ಒಳ್ಳೇದೇ.”

“ಒಂದು ಬನ್ಸಿಗೆ ಮುನ್ನೂರು ಕೊಟ್ಟು ತಗೊಂಡು, ನಾಳೆ ನಾನೂರಕ್ಕೆ ಮಾರ್ತೇನೆ ಅಂತ ಕೂತ್ರೆ ಯಾರು ಬರ್ತಾರೆ?”

“ನೀವು ಮೊದಲೇ ಹೇಳ್ಬಾರ್ದಿತ್ತಾ?”

“ನೀನು ಕೇಳಿದ್ದು ನನ್ನನ್ನಾ, ಮಿಕ್ಸಿಯನ್ನಾ?”

ಮೊನ್ನೆ ಜಾರಿನ ರಬ್ಬರು ತರಲು ಉಲ್ಹಾಸನಗರಕ್ಕೆ ಹೋಗಿದ್ದೆ. ಮಿಕ್ಸಿಯ ಹೆಸರು ಹೇಳಿದ್ದೇ ತಡ, ರಿಪೇರಿ ಅಂಗಡಿಯ ಅಜ್ಜ ಸಿಡುಕಿದ: “ಭಾಭೀ, ಇಸ್ ಕಂಪನಿ ನೇ ಹಮಾರಾ ಧಂದಾ ಬಿಠಾ ದಿಯಾ! ಬಿಗಡತಾ ಹೀ ನಹೀ!” ಕೆಡುವುದೇ ಇಲ್ಲವಂತೆ, ಅವನ ವ್ಯಾಪಾರವೇ ಕೂತುಹೋಯಿತಂತೆ. ನನ್ನ ಎದೆ ಉಬ್ಬಿತು. ರೈಲು ವಿಠ್ಠಲವಾಡಿ ದಾಟುವಷ್ಟರಲ್ಲಿ ಕುಸಿಯಿತು. ಈ ಹದಿನೆಂಟು ವರ್ಷಗಳಲ್ಲಿ ಆ ಕಂಪನಿಯಿಂದ ನಾನು ಕೊಂಡದ್ದಾದರೂ ಏನು? ಒಂದು ಚಮಚವೂ ಇಲ್ಲ. ಕೈಚೀಲದಲ್ಲಿದ್ದ ರಬ್ಬರು ಕೂಡ ಬೇರೆ ಕಂಪನಿಯದು. ಹತ್ತು ರೂಪಾಯಿ ಅಗ್ಗವೆಂದು ಚೌಕಾಸಿ ಮಾಡಿ ತಂದದ್ದು.

ಥಾಣೆಯ ಹಲ್ಲಿನ ಡಾಕ್ಟರರ ಕಡೆಯಿಂದ ಫೋನು ಬಂತು. “ಮುಂದಿನ ತಿಂಗಳು ನೋಡೋಣ” ಎಂದೆ, ಆರನೆಯ ಸಲ. ಮತ್ತೆ ಒಂದೇ ಪಕ್ಕದ ದವಡೆಯಲ್ಲಿ ಮೆಲ್ಲನೆ ಕಡಲೆ ಅಗಿಯುತ್ತ ಕೂತೆ. ನನ್ನಂಥ ಜಿಪುಣ ಗಿರಾಕಿಗಳನ್ನು ನೆಚ್ಚಿಕೊಂಡ ಕಂಪನಿಯನ್ನು ನಂಬಿ, ಬಾಯಿಯ ಹಲ್ಲನ್ನೇ ಒತ್ತೆಯಿಟ್ಟವಳು ಇಡೀ ಡೊಂಬಿವಲಿಯಲ್ಲಿ ನಾನೊಬ್ಬಳೇ ಇರಬೇಕು.