ಖಾನಾಪುರಕ್ಕೆ ಮೊದಲೇ ಹೋದ ಗಂಟು

ಗಾಲಿಯ ಮೇಲೆ ಕೂತರೆ ಸಾಕು, ನನಗೆ ಕನಸು ಹತ್ತುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಎತ್ತಿನ ಗಾಡಿಯಾದರೆ ತುಸು ತಡ, ಟಾಂಗಾ ಆದರೆ ಎರಡು ತಿರುವು. ಅಷ್ಟರಲ್ಲಿ ಮೈ ಮಾತ್ರ ಗಾಡಿಯಲ್ಲಿ ಉಳಿದು ಮನಸ್ಸು ಎಲ್ಲೋ ಇಳಿದು ಹೋಗಿರುತ್ತದೆ. ಹೀಗೆ ಬೆಳಗಾವಿಯ ಟಾಂಗಾಗಳಲ್ಲಿ ನಾನು ಬಿಟ್ಟುಬಂದ ಛತ್ರಿಗಳಿಂದ ಒಂದು ಸಣ್ಣ ಅಂಗಡಿ ಹಾಕಬಹುದಿತ್ತು. ಇಂಥವನಿಗೆ ಮೋಟಾರು ಕಂಡಾಗ ಏನಾಗಿರಬೇಡ! ನಮ್ಮ ಟಿಳಕವಾಡಿಯ ರಸ್ತೆಯಲ್ಲಿ ಹನ್ನೆರಡು ಜನ ಕೂಡುವ ಬಾಡಿಗೆ ಮೋಟಾರು ಮೊದಲ ಸಲ ಧೂಳೆಬ್ಬಿಸಿ ಹೋದ ದಿನ ನಾನು ಕಚೇರಿಯಲ್ಲಿ ನಾಲ್ಕು ಅರ್ಜಿಗಳನ್ನು ತಪ್ಪು ಕಟ್ಟಿನಲ್ಲಿ ಸೇರಿಸಿಟ್ಟೆ. ಕನಸಿನಲ್ಲಿ ಎಷ್ಟೋ ತಿಂಗಳು ಆ ಮೋಟಾರಿನ ಮುಂದಿನ ಸೀಟಿನಲ್ಲಿ ಕೂತಿದ್ದೆ. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಮರಗಳು ಹಿಂದಕ್ಕೆ ಓಡುತ್ತಿದ್ದವು. ಎಲ್ಲಿಗೆ ಹೋಗುತ್ತಿದ್ದೇನೆಂಬುದು ಮಾತ್ರ ಎಂದೂ ಗೊತ್ತಾಗುತ್ತಿರಲಿಲ್ಲ.

ಹೋಗುವ ಊರು ಕೊನೆಗೂ ಗೊತ್ತಾಯಿತು. ಖಾನಾಪುರದ ಶಾಲೆಯ ಮಾಸ್ತರರೊಬ್ಬರ ಮಗಳ ಜಾತಕ ನನ್ನದಕ್ಕೆ ಕೂಡಿತ್ತು. ಹುಡುಗಿ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು, ಹೆಸರು ಯಮುನಾ. ತಂದೆ ಇಲ್ಲದ ನನಗೆ ಕಾಕಾನೇ ಹಿರಿಯರು. ಅವರು ಹೆಣ್ಣು ನೋಡಲು ಗುರುವಾರ ಬರುತ್ತೇವೆಂದು ಕಾಗದ ಬರೆದರು. "ರೈಲಿಗೆ ಹೋಗಿ ರೈಲಿಗೆ ಬರೋಣು" ಎಂಬುದು ಕಾಕಾನ ವಿಚಾರ. ಮೋಟಾರು ಮಾಡೋಣ ಎಂದು ಹಟ ಹಿಡಿದವನು ನಾನು. ಹೆಣ್ಣು ನೋಡಲು ಹೋಗುವವನಿಗೆ ಒಂದು ಗತ್ತು ಬೇಡವೇ ಎಂದು ವಾದಿಸಿದೆ. ನಿಜವಾಗಿ ನನ್ನ ಕಣ್ಣ ಮುಂದೆ ಹುಡುಗಿ ಇನ್ನೂ ಬಂದಿರಲಿಲ್ಲ, ಮುಂದಿನ ಸೀಟು ಬಂದಿತ್ತು. ಮೋಟಾರು ಗೊತ್ತುಮಾಡಿದ ಸುದ್ದಿ ಹಬ್ಬಿದ ಮೇಲೆ ಇನ್ನೊಂದು ಚಮತ್ಕಾರ ನಡೆಯಿತು. ರೈಲಾಗಿದ್ದರೆ ಕಾಕಾ, ಅವ್ವ, ನಾನು ಮತ್ತು ಭಟ್ಟರು ಹೋಗಿ ಬರುತ್ತಿದ್ದೆವು. ಈಗ ಬಾಜೂ ಮನೆಯವರಿಗೆ ನನ್ನ ಮದುವೆಯ ಬಗ್ಗೆ ಏಕಾಏಕಿ ಕಳಕಳಿ ಹುಟ್ಟಿತು. ಓಣಿಯ ತುದಿಯ ಮುದುಕರೊಬ್ಬರು, ನಮ್ಮ ಮನೆಗೆ ಎಂದೂ ಕಾಲಿಡದವರು, "ಹುಡುಗನ ಬಾಳೇವು ಅದ, ನಾ ಬರದಿದ್ರ ಹ್ಯಾಂಗ?" ಎಂದು ಕೋಲೂರಿಕೊಂಡು ಬಂದರು. ಬುಧವಾರದ ಹೊತ್ತಿಗೆ ನಾವು ಹನ್ನೊಂದು ಜನರಾಗಿದ್ದೆವು.

ಅಂದೇ ಅಜ್ಜಿ ಪಂಚಾಂಗ ತೆಗೆಸಿದಳು. ಗುರುವಾರ ದಕ್ಷಿಣ ದಿಕ್ಕಿಗೆ ವಾರಶೂಲ. ಆ ದಿನ ಅತ್ತ ಹೊರಡಕೂಡದು. ಖಾನಾಪುರ ನಮಗೆ ನೇರ ದಕ್ಷಿಣ. ಇದಕ್ಕೆ ನಮ್ಮ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ, ಪ್ರಸ್ಥಾನ. ಹೊರಡುವವನ ಒಂದು ಬಟ್ಟೆಯಲ್ಲಿ ಅಕ್ಕಿ, ಅರಿಷಿಣ ಬೇರು, ಅಡಿಕೆ ಕಟ್ಟಿ ಒಳ್ಳೆಯ ಹೊತ್ತು ನೋಡಿ ಹಿಂದಿನ ದಿನವೇ ಮನೆಯಿಂದ ಹೊರಗೆ, ಬೇರೆಯವರಲ್ಲಿ ಇಟ್ಟುಬಿಡುವುದು. ಆಗ ನೀವು ಹೊರಟಂತೆಯೇ ಲೆಕ್ಕ. ಮರುದಿನ ಹೋಗುವಾಗ ಆ ಗಂಟನ್ನು ಎತ್ತಿಕೊಂಡು ಹೋದರಾಯಿತು. ವಾರಶೂಲಕ್ಕೆ ಮೋಸವಾದದ್ದು ತಿಳಿಯುವುದೇ ಇಲ್ಲ. ಅಜ್ಜಿ ನನ್ನ ಜರದ ಅಂಚಿನ ಶಲ್ಯದಲ್ಲಿ ಎಲ್ಲ ಕಟ್ಟಿ, ಮೇಲೊಂದು ಕೊಬ್ಬರಿ ಬಟ್ಟಲನ್ನೂ ಇಟ್ಟಳು. ಎಂದಿನಂತೆ ಮಾರುತಿ ಗುಡಿಯಲ್ಲಿಟ್ಟಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. "ಹೋಗೂದು ಮೋಟಾರಿನಾಗ. ಗಂಟೂ ಮೋಟಾರಿನಾಗ ಇಟ್ರಾತು" ಎಂದು ನಾನೇ ಹೇಳಿದೆ. ಮೋಟಾರನ್ನು ಇನ್ನೊಂದು ಸಲ ನೋಡಲು ನನಗೊಂದು ನೆವ ಬೇಕಾಗಿತ್ತು.

ಮೋಟಾರಿನ ಹುಸೇನಸಾಬ ಖಾಕಿ ಕೋಟು ತೊಟ್ಟ ಗಂಭೀರ ಮನುಷ್ಯ. ಹ್ಯಾಂಡಲ್ ತಿರುಗಿಸುವಾಗಲೂ ನಮಾಜಿಗೆ ನಿಂತಷ್ಟೇ ಶಾಂತ. ನಾನು ಗಂಟನ್ನು ಅವನ ಕೈಗಿತ್ತು, ಇದು ಖಾನಾಪುರಕ್ಕೆ ಹೋಗುವ ಗಂಟು, ಒಮ್ಮೆ ಹೊರಟ ಮೇಲೆ ತಿರುಗಿ ನಮ್ಮ ಮನೆಗೆ ಬರಕೂಡದು ಎಂದೆ. ಮಾಸ್ತರರ ಮನೆಯ ಗುರುತನ್ನೂ ಹೇಳಿದೆ. ನಾಳೆ ನಾವು ಬಂದು ಕೂತಾಗ ನಮ್ಮೊಂದಿಗೇ ಅದು ಹೋಗಬೇಕು ಎಂಬುದನ್ನು ಹೇಳುವ ಹೊತ್ತಿಗೆ ನನ್ನ ಕೈ ಹಿತ್ತಾಳೆಯ ದೀಪದ ಮೇಲಿತ್ತು, ಮನಸ್ಸು ಖಾನಾಪುರದ ಹಾದಿಯಲ್ಲಿ ಮಚ್ಛೆಯನ್ನು ದಾಟಿತ್ತು.

ಗುರುವಾರ ಬೆಳಿಗ್ಗೆ ಮೋಟಾರು ಬಾಗಿಲಿಗೆ ಬಂತು. ಅಜ್ಜಿ ಹೊರಗೆ ಬಂದು ಗಂಟೆಲ್ಲಿ ಎಂದಳು.

"ಚಿಂತಿ ಬ್ಯಾಡ್ರಿ ಅವ್ವಾರ. ನಿನ್ನಿ ಸಂಜೀಕ ಖಾನಾಪುರಕ್ಕ ಒಂದು ಬಾಡಿಗಿ ಇತ್ತು. ಹೆಂಗೂ ಹೊಂಟೀನಿ ಅಂತ ಮಾಸ್ತರ ಮನಿಗೆ ಮುಟ್ಟಿಸಿ ಬಂದೆ" ಎಂದ ಹುಸೇನಸಾಬ.

ಅಜ್ಜಿ ಒಂದು ಗಳಿಗೆ ಯೋಚಿಸಿದಳು. ಗಂಟು ದಕ್ಷಿಣಕ್ಕೆ ಹೋದದ್ದು ಬುಧವಾರ, ತಿರುಗಿ ಬಂದಿಲ್ಲ. ಶಾಸ್ತ್ರಕ್ಕೆ ಊನವಿಲ್ಲ. "ಆತು, ನಡೀರಿ" ಎಂದಳು. ಕಾಕಾ ಏನೋ ಹೇಳಹೋದರು, ಮೋಟಾರಿನ ಭೋಂಪಿನ ಸದ್ದಿನಲ್ಲಿ ಅದು ಮುಳುಗಿತು. ನನಗೆ ಮುಂದಿನ ಸೀಟು ಸಿಕ್ಕಿತು. ಪೀರನವಾಡಿ ಹಿಂದಾಯಿತು, ಬತ್ತದ ಗದ್ದೆಗಳು ಮುಗಿದು ಕಾಡು ಶುರುವಾಯಿತು. ಎಲೆಗಳ ನಡುವೆ ಬಿಸಿಲು ಚೂರುಚೂರಾಗಿ ನನ್ನ ಧೋತರದ ಮೇಲೆ ಬಿದ್ದು ಓಡುತ್ತಿತ್ತು. ಹಿಂದೆ ಯಾರೋ ಕೆಮ್ಮುತ್ತಿದ್ದರು, ಯಾರೋ ಮಲಪ್ರಭೆ ಬಂತೇ ಎನ್ನುತ್ತಿದ್ದರು. ಅದೆಲ್ಲ ನೀರಿನ ಆಚೆಯಿಂದ ಕೇಳಿದಂತಿತ್ತು. ಹುಡುಗಿಯನ್ನು ಕೇಳಬೇಕೆಂದು ನಾಲ್ಕು ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡಿದ್ದೆ. ಆಮೇಲೆ ಗಂಭೀರವಾಗಿ "ವಿಚಾರ ಮಾಡಿ ತಿಳಿಸ್ತೇವಿ" ಎನ್ನಬೇಕು. ಆ ಮಾತನ್ನು ಕನಸಿನಲ್ಲಿ ಎಷ್ಟು ಚೆಂದವಾಗಿ ಹೇಳಿದೆನೆಂದರೆ ನನಗೇ ನನ್ನ ಬಗ್ಗೆ ಗೌರವ ಹುಟ್ಟಿತು. ಅಷ್ಟು ಸುಖದ ಹಾದಿಯಲ್ಲಿ ನಾನು ಮತ್ತೆಂದೂ ಹೋಗಿಲ್ಲ.

ಮಾಸ್ತರರ ಮನೆಯೊಳಗೆ ಹೋದವರಿಗೆ ಮೊದಲು ಬಡಿದದ್ದು ಹೋಳಿಗೆಯ ವಾಸನೆ. ಓದುಗರು ಇದರ ಭೀಕರತೆಯನ್ನು ತಿಳಿಯಬೇಕು. ಹೆಣ್ಣು ನೋಡಲು ಹೋದ ಮನೆಯಲ್ಲಿ ಒಪ್ಪಿಗೆಯಾಗುವ ತನಕ ನಮ್ಮವರು ಊಟ ಮಾಡುವುದಿಲ್ಲ. ಅವಲಕ್ಕಿ, ಚಹಾ, ಅಷ್ಟೇ. ಇಲ್ಲಿ ನೋಡಿದರೆ ಪಡಸಾಲೆಯ ಉದ್ದಕ್ಕೂ ಬಾಳೆ ಎಲೆ ಹಾಕಿದ್ದರು. ದೇವರ ಮುಂದೆ ತಟ್ಟೆಯಲ್ಲಿ ನನ್ನ ಶಲ್ಯ, ಅದರ ಮೇಲೆ ಅರಿಷಿಣ ಬೇರು, ಅಡಿಕೆ, ಕೊಬ್ಬರಿ. ಮಾಸ್ತರರು ಕಾಕಾನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು. "ಅರಿಷಿಣ ಅಡಿಕಿ ಕಳಿಸಿ ನೋಡೂದಕ್ಕಿಂತ ಮೊದಲ ಒಪ್ಪಿದ್ರಿ, ರಾಯರ. ಗಂಟು ತಿರುಗಿ ಒಯ್ಯಬಾರದು ಅಂತನೂ ಹೇಳಿ ಕಳಿಸೀರಿ. ಇಂಥಾ ಮಂದೀನ ನಾ ಕಂಡಿಲ್ಲ" ಎಂದರು.

ಕಾಕಾ ಬಾಯಿ ತೆರೆದರು. ಆಮೇಲೆ ಮಾಸ್ತರರ ಮುಖ ನೋಡಿ ಮುಚ್ಚಿದರು. ಭಟ್ಟರು ಬಾಳೆ ಎಲೆಗಳನ್ನು ನೋಡಿದರು. ಅವ್ವ ನನ್ನನ್ನು ನೋಡಿದಳು. ನಾನೊಬ್ಬ "ತಪ್ಪಾಗಿದೆ" ಎಂದರೆ ಸಾಕಿತ್ತು. ಆ ಮನುಷ್ಯ ಅಲ್ಲೇ ಕುಸಿಯುತ್ತಿದ್ದ. ಅನ್ನದಿದ್ದರೆ ಮುಖ ಕಾಣದ ಹೆಣ್ಣಿನೊಂದಿಗೆ ನನ್ನ ಇಡೀ ಬದುಕು. ಅಷ್ಟರಲ್ಲಿ ಓಣಿಯ ತುದಿಯ ಮುದುಕರು ಮೊದಲನೆಯ ಎಲೆಯ ಮುಂದೆ ಕೂತು ಆಚಮನ ಮಾಡಿಬಿಟ್ಟರು. ನನ್ನನ್ನೂ ಕೂರಿಸಿದರು. ಹುಡುಗಿ ತುಪ್ಪ ಬಡಿಸಲು ಬಂದಳು. ಕಂಡದ್ದು ಹಸಿರು ಬಳೆ ತೊಟ್ಟ ಒಂದು ಕೈ, ಅದು ತುಸುವೂ ನಡುಗುತ್ತಿರಲಿಲ್ಲ. ನಾಲ್ಕು ಪ್ರಶ್ನೆಗಳೂ ಮರೆತುಹೋದವು. "ಇನ್ನೊಂದು ಹೋಳಿಗಿ?" ಎಂದು ಮಾಸ್ತರರು ಕೇಳಿದರು. ಹಾಕಿಸಿಕೊಂಡೆ. ನನ್ನ ಮದುವೆಗೆ ನಾನು ಕೊಟ್ಟ ಒಪ್ಪಿಗೆ ಇಷ್ಟೇ.

ಇದಾಗಿ ಆರು ವರ್ಷ. ಯಮುನೆಯೊಂದಿಗೆ ನನ್ನ ಸಂಸಾರ ಸುಖದ್ದು. ಆದರೂ ಒಳಗೊಂದು ಮುಳ್ಳು ಇತ್ತು. ನೋಡದೆಯೇ ಒಪ್ಪಿದ ಉದಾರಿ ಎಂದು ಅವಳ ತವರಿನಲ್ಲಿ ನನಗೆ ಮೊದಲ ಮಣೆ. ಅದು ನನಗೆ ಸಲ್ಲದ್ದು. ಮೊನ್ನೆ ಅವಳ ತಮ್ಮನ ಮುಂಜಿಗೆ ಖಾನಾಪುರಕ್ಕೆ ಮತ್ತೆ ಮೋಟಾರು ಮಾಡುವ ಮಾತು ಬಂದಾಗ ತಡೆಯಲಾಗಲಿಲ್ಲ. ಅವಳು ಹಿತ್ತಿಲಲ್ಲಿ ಸೊಪ್ಪು ಸೋಸುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ.

"ಅದು ಪ್ರಸ್ಥಾನದ ಗಂಟು ಅಂತ ನನಗ ಅವತ್ತ ಗೊತ್ತಿತ್ತು" ಎಂದಳು ಯಮುನಾ, ತಲೆಯೆತ್ತದೆ. "ಮರುದಿನ ಗುರುವಾರ, ನೀವು ದಕ್ಷಿಣಕ್ಕ ಬರವರು. ಪಂಚಾಂಗ ನಮ್ಮನಿಯೊಳಗೂ ಅದ. ಅಪ್ಪಗ ಖುಷಿಯೊಳಗ ಹೊಳೀಲಿಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ಹೇಳೋಣು ಅಂತನ ಇದ್ದೆ. ಐದು ಮಂದಿ ಬಂದು ನೋಡಿ ಹೋಗಿದ್ರು, ಆರನೇದವರನ್ನ ಮೋಸದಿಂದ ಕಟ್ಟಿಕೊಳ್ಳೋದು ನನಗೂ ಬ್ಯಾಡಾಗಿತ್ತು. ಹುಡುಗನ್ನ ಒಮ್ಮೆ ನೋಡಿ ಅಪ್ಪಗ ಹೇಳಬೇಕಂತ ಕಿಡಕ್ಯಾಗ ನಿಂತಿದ್ದೆ. ನೀವು ಇಳಿದ್ರಿ. ಹತ್ತೂ ಮಂದಿ ನನ್ನ ರಂಗೋಲಿ ತುಳದು ಒಳಗ ಬಂದ್ರು. ನೀವೊಬ್ಬರ ಅದನ್ನ ಬಿಟ್ಟು ಬಾಜೂಕ ಹಾದು ಬಂದ್ರಿ. ನೂರಾ ಎಂಟು ಚುಕ್ಕಿ ಇಟ್ಟಿದ್ದೆ. ಅದಕ್ಕ ಸುಮ್ಮನಾದೆ." ಹೇಳಿ ಮುಗಿಸಿ ನನ್ನನ್ನು ನೋಡಿದಳು. ಆರು ವರ್ಷದಲ್ಲಿ ಅವಳು ಹಾಗೆ ನೋಡಿದ್ದು ಅದೇ ಮೊದಲು.

ಆದರೆ ನನಗೆ ಚೆನ್ನಾಗಿ ನೆನಪಿದೆ. ಆ ರಂಗೋಲಿಯನ್ನು ನಾನು ಕಂಡೇ ಇರಲಿಲ್ಲ. ಮೋಟಾರಿನ ಕನಸು ಇನ್ನೂ ಇಳಿಯದೆ, ಮಾಸ್ತರರ ಮನೆ ಬಿಟ್ಟು ಬಾಜೂ ಮನೆಯ ಕಟ್ಟೆಯ ಕಡೆಗೆ ಹೊರಟಿದ್ದೆ. ಕಾಕಾ ಒಳಗಿನಿಂದ ಕೈ ಚಾಚಿ ನನ್ನ ತೋಳು ಹಿಡಿದು ಎಳೆದುಕೊಂಡಿದ್ದರು. ಇದನ್ನೂ ಈಗಲೇ ಹೇಳಿ ಹಗುರಾಗಬೇಕೆಂದು ನಾಲಿಗೆಯ ತುದಿಗೆ ತಂದೆ. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಒಂದು ಗುಟ್ಟನ್ನು ಆರು ವರ್ಷ ಹೊತ್ತ ಅನುಭವ ಹೇಗೂ ಇದೆ. ಇದನ್ನು ಮುದುಕನಾದ ಮೇಲೆ ಹೇಳುವುದೆಂದು ನಿಶ್ಚಯಿಸಿ, ಸೊಪ್ಪು ಸೋಸಲು ಕೂತೆ.