ಅಜ್ಜನ ಗೇಣು, ಅವ್ವನ ಖಣ

ಹಳೆಯ ಅಳತೆ ಕಾಗದ ಕೇಳಿಕೊಂಡು ಯಾರ ಮನೆಗೆ ಹೋದರೂ, ಕಾಗದ ಸಿಗುತ್ತಿತ್ತೋ ಇಲ್ಲವೋ, ತಿರುಗಿ ಬರುವಾಗ ನಗುವಂಥದ್ದೊಂದು ಮಾತ್ರ ಸಿಕ್ಕೇ ಸಿಗುತ್ತಿತ್ತು. ನಾನಾಗಿ ಹುಡುಕಿದ್ದಲ್ಲ. ನನ್ನ ಚಟವೇ ಅಂಥದ್ದು.

ಇದು ಅರವತ್ತರ ದಶಕದ ಮೊದಮೊದಲ ವರ್ಷಗಳ ಮಾತು. ವಿಜಾಪುರದಲ್ಲಿ ನಾನು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದೆ. ಆಗಿನ ದರ್ಜಿಗಳು ಕುಪ್ಪಸವಿರಲಿ, ಪೋಲಕಾ ಇರಲಿ, ಕೂಸಿನ ಕುಲಾಯಿ ಇರಲಿ, ಮೊದಲು ಹಳೆಯ ಪೇಪರಿನ ಮೇಲೆ ಗೆರೆ ಎಳೆದು ಕತ್ತರಿಸಿಕೊಳ್ಳುತ್ತಿದ್ದರು. ಬೆನ್ನಿಗೊಂದು ಕಾಗದ, ತೋಳಿಗೊಂದು ಕಾಗದ. ಕೆಲಸ ಮುಗಿದ ಮೇಲೆ ಸುರುಳಿ ಸುತ್ತಿ ಗೋಡೆಯ ಮೊಳೆಗೆ ಸಿಕ್ಕಿಸಿಬಿಡುತ್ತಿದ್ದರು. ಅಂಥ ಕಾಗದಗಳನ್ನು ಕೇಳಿ ತಂದು ಟ್ರಂಕಿನಲ್ಲಿ ಕೂಡಿಹಾಕುವುದು ನನ್ನ ಚಟ. ಕೂಡಿಹಾಕಿ ಸುಮ್ಮನಿರುತ್ತಿರಲಿಲ್ಲ. ಈ ತೋಳಿಗೆ ಹೂ ಅಚ್ಚಿನ ಚೀಟಿನ ಅರಿವೆ ಚೆಂದ, ಈ ಕೊರಳಿಗೆ ಖಣವೇ ಆಗಬೇಕು ಎಂದು ಒಂದೊಂದಕ್ಕೂ ಒಂದು ತುಂಡು ಬಟ್ಟೆ ಜೋಡಿಸಿ ಟಾಚಣಿ ಚುಚ್ಚಿ ಇಡುತ್ತಿದ್ದೆ.

ಆ ವರ್ಷ ಮಾತ್ರ ಚಟ ಹೋಗಿ ಚಿಂತೆಯಾಗಿತ್ತು. ನಮ್ಮವ್ವ ತೀರಿಕೊಂಡಾಗ ತಂಗಿಗೆ ಏಳು ವರ್ಷ. ಹೋಗುವ ಮುಂಚೆ ಅವ್ವ ಗುಳೇದಗುಡ್ಡದ ಒಂದು ಖಣ ತೆಗೆದಿಟ್ಟು, "ಇದು ಸಣ್ಣಾಕಿ ಲಗ್ನಕ್ಕ" ಎಂದಿದ್ದಳು. ಹಸಿರು ಮೈ, ಕೆಂಪು ಅಂಚು. ಈಗ ತಂಗಿಗೆ ತಿಕೋಟಾದ ಮನೆತನ ಗೊತ್ತು ಮಾಡಿಯಾಗಿತ್ತು. ಅವಳದು ಒಂದೇ ಹಟ. ಲಗ್ನದಲ್ಲಿ ಅಕ್ಷತೆಯ ಅಕ್ಕಿಕಾಳು ಬೀಳುವಾಗ ಮೈಮೇಲೆ ಅವ್ವನ ಖಣದ ಕುಪ್ಪಸವೇ ಇರಬೇಕು, ಅದೂ ಅವ್ವ ತೊಡುತ್ತಿದ್ದಂಥದೇ ಇರಬೇಕು. ಒಂದು ಖಣದಲ್ಲಿ ಆಗುವುದು ಒಂದೇ ಕುಪ್ಪಸ. ಕತ್ತರಿ ತಪ್ಪಿದರೆ ಅವ್ವ ಇನ್ನೊಂದು ಕೊಡಲು ಬರುವಂತಿರಲಿಲ್ಲ. ಅವ್ವನ ಹಳೆಯ ಕುಪ್ಪಸಗಳನ್ನೆಲ್ಲ ಅವಳು ಹೋದಾಗಲೇ ದಾನ ಕೊಟ್ಟಾಗಿತ್ತು. ಟ್ರಂಕು ತುಂಬ ಊರವರ ಅಳತೆ ಕಾಗದ ಇದ್ದವು, ನಮ್ಮವ್ವನದೊಂದು ಇರಲಿಲ್ಲ.

ಬಾವಿಗೆ ಬಿದ್ದ ಎತ್ತು

ಅವ್ವನದು ಎಲ್ಲಾದರೂ ಒಳಗೆ ಸೇರಿದೆಯೋ ಎಂದು ಒಂದು ರವಿವಾರ ಟ್ರಂಕನ್ನೆಲ್ಲ ಪಡಸಾಲೆಯಲ್ಲಿ ಸುರುವಿದೆ. ನನ್ನ ಗಂಡನ ಮನೆ ಅದೇ ಓಣಿಯ ಆಚೆ ತುದಿಗೆ ಇದ್ದುದರಿಂದ ಹಗಲೆಲ್ಲ ನಾನು ತವರಿನಲ್ಲೇ ಬಿದ್ದಿರುತ್ತಿದ್ದೆ. ಅಪ್ಪ ಸಾಲಿ ಮಾಸ್ತರ. ಅಚ್ಚಾದ ಅಕ್ಷರ ಕಣ್ಣಿಗೆ ಬಿದ್ದರೆ ಓದದೆ ಬಿಡುವವರಲ್ಲ. ಯಾರದೋ ಕುಪ್ಪಸದ ಬೆನ್ನಿನ ಕಾಗದ ಎತ್ತಿಕೊಂಡು ಓದುತ್ತ ಕುಳಿತರು. ಯಾವ ಕಾಲದ ಪೇಪರೋ, ಯಾವ ಊರಿನ ಸುದ್ದಿಯೋ. ಒಂದು ಎತ್ತು ಬಾವಿಗೆ ಬಿದ್ದಿದೆ, ಊರ ಮಂದಿಯೆಲ್ಲ ಹಗ್ಗ ತಂದಿದ್ದಾರೆ, ಎಳೆಯುತ್ತಿದ್ದಾರೆ. ಅಷ್ಟರಲ್ಲಿ ಕೊರಳಿನ ಕತ್ತರಿ ಬಂದು ಸುದ್ದಿ ಕಡಿದುಹೋಗಿದೆ.

"ಮುಂದ ಏನಾತು?" ಅಂದರು.

"ಮುಂದಿನದು ತೋಳಿನ ಕಾಗದದಾಗ ಇದ್ದೀತಪಾ. ಅದನ್ನ ಯಾರೋ ಒಯ್ದಾರ."

"ಯಾರ ಒಯ್ದಾರ ಅನ್ನೂದು ಬರದ ಇಡಬೇಕಲ್ಲ" ಎಂದು ಸಿಟ್ಟಿಗೆದ್ದರು. ಆಮೇಲೆ ಎಂಟು ದಿನ, ನನ್ನ ಕ್ಲಾಸಿಗೆ ಬರುವ ಹುಡುಗಿಯರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ, "ನಿಮ್ಮ ಮನ್ಯಾಗ ಒಂದು ತೋಳ ಐತೇನವಾ?" ಎಂದು ವಿಚಾರಿಸಿದರು. ಸಾಲೆಯ ಇನ್ನೊಬ್ಬ ಮಾಸ್ತರರು ಮನೆಗೆ ಬಂದವರು ಈ ಗದ್ದಲ ನೋಡಿ, ಏನು ಸಮಾಚಾರ ಎಂದು ಕೇಳಿದರು. ಅಪ್ಪ ಗಂಭೀರವಾಗಿ ಹೇಳಿದರು: "ಎತ್ತು ಕೊರಳಿನ ತನಕ ಬಂದೈತ್ರಿ. ತೋಳ ಸಿಕ್ಕರ ಪೂರಾ ಮ್ಯಾಲ ಬರ್ತೈತಿ."

ಇಪ್ಪತ್ತು ಥಾನು

ಅವ್ವನ ಅಳತೆ ಸಿಗುವ ಮೊದಲೇ, ಆ ಹಸಿರು ಖಣಕ್ಕೆ ಒಪ್ಪುವ ಸೀರೆ ಹುಡುಕಲು ಶುರು ಮಾಡಿದ್ದೆ. ಖಣ ತೆಗೆದುಕೊಂಡು ಅಂಗಡಿಗೆ ಹೋಗಲು ಜೀವ ಒಪ್ಪಲಿಲ್ಲ. ಕಳೆದರೆ? ಕಲೆಯಾದರೆ? ಹಾಗಾಗಿ ಖಣದ ಬಣ್ಣಕ್ಕೆ ಹತ್ತಿರವಾದ ಹಸಿರು ಕಾಗದದಲ್ಲಿ ಒಂದು ಕುಪ್ಪಸ ಕತ್ತರಿಸಿಕೊಂಡು ಹೋದೆ. ಬಜಾರಿನ ಅರಿವೆ ಅಂಗಡಿಯ ಕಾಕಾ ಒಂದೊಂದೇ ಸೀರೆ ಬಿಚ್ಚುವುದು, ನಾನು ಅದರ ಮೇಲೆ ಕಾಗದದ ಕುಪ್ಪಸ ಇಟ್ಟು, ಹಿಂದೆ ಸರಿದು, ತಲೆ ಓರೆ ಮಾಡಿ ನೋಡುವುದು. ಸೀರೆ ಮುಗಿದು, ಅರಿವೆ ಸುತ್ತಿಟ್ಟ ಇಪ್ಪತ್ತು ಥಾನುಗಳೂ ಇಳಿದವು. ಬೇರೆ ಗಿರಾಕಿಗಳು ತಮ್ಮ ವ್ಯಾಪಾರ ಬಿಟ್ಟು ನನ್ನದನ್ನೇ ನೋಡುತ್ತ ನಿಂತರು. ಒಬ್ಬಾಕೆ, "ಅದಲ್ಲ ಬೇ, ಆ ಕಂದು ಬಣ್ಣದ್ದು ಛಲೋ ಇತ್ತು" ಎಂದು ಸಲಹೆಯನ್ನೂ ಕೊಟ್ಟಳು.

ಕೊನೆಗೆ ನಾನು, "ನಾಳೆ ಬರ್ತೀನ್ರಿ ಕಾಕಾ" ಎಂದು ಕಾಗದ ಮಡಚಿದೆ.

ಕಾಕಾ ಬೈಯಲಿಲ್ಲ. ಹಣೆಯ ಬೆವರು ಒರೆಸಿಕೊಂಡು ಹೇಳಿದರು: "ಬರ್ರಿ ತಂಗೀ. ನನ್ನ ಮೂರೂ ಹೆಣ್ಣುಮಕ್ಕಳಿಗೆ ಕೂಡೇ ನಾ ಇಷ್ಟು ವರಾ ತೋರಿಸಿಲ್ಲ, ನಿಮ್ಮ ಕಾಗದಕ್ಕ ತೋರಿಸೀನಿ."

ಇಷ್ಟಾದರೂ ಮರುದಿನ ಸೀರೆ ಆರಿಸಲು ಹೋದಾಗ, ಕತ್ತರಿಸಿ ಉಳಿದ ತುಂಡು ಬಟ್ಟೆಗಳದೊಂದು ಗಂಟು ಕಟ್ಟಿ ನನಗೆಂದೇ ತೆಗೆದಿಟ್ಟಿದ್ದರು. ಆ ಪುಣ್ಯಾತ್ಮನಿಂದಾಗಿ ನನ್ನ ಟ್ರಂಕಿನ ಅರ್ಧ ಕಾಗದಗಳಿಗೆ ಜೋಡಿ ಸಿಕ್ಕಿತು.

ತಿರುಗಿ ನಿಂದ್ರು

ಅವ್ವನ ತವರು ಬಬಲೇಶ್ವರ. ಹುಡುಗಿಯಾಗಿದ್ದಾಗಿನಿಂದ ಅವಳ ಕುಪ್ಪಸಗಳನ್ನೆಲ್ಲ ಹೊಲಿದದ್ದು ಅಲ್ಲಿನ ಸಿಂಪಿಗೇರ ಅಜ್ಜ ಎಂದು ಸೋದರಮಾವ ಹೇಳಿದ. ಬಸ್ಸು ಹತ್ತಿ ಹೋದೆ. ಅಜ್ಜ ಕಟ್ಟೆಯ ಮೇಲೆ ಕೂತಿದ್ದ. ಆಳು ಎತ್ತರ, ಕೈ ಅಂದರೆ ರೊಟ್ಟಿ ಬಡಿಯುವ ಮರದ ಕೊಣಮಿಗೆಯಷ್ಟು ಅಗಲ. ಆದರೆ ಆ ಕೈ ನಡುಗುತ್ತಿತ್ತು. ಕತ್ತರಿ ಬಿಟ್ಟು ಬಹಳ ದಿನವಾಗಿತ್ತಂತೆ.

ನಮ್ಮವ್ವನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ. ಅಜ್ಜ ನನ್ನ ಮುಖವನ್ನೇ ನೋಡಿದ. ಗುರುತು ಹತ್ತಲಿಲ್ಲ.

"ಒಂದೀಟು ತಿರುಗಿ ನಿಂದ್ರವಾ" ಅಂದ.

ತಿರುಗಿ ನಿಂತೆ.

"ಹಾಂ, ಮಾಸ್ತರಗ ಕೊಟ್ಟಾಕಿ ಮಗಳು. ಬೆನ್ನ ನಿಮ್ಮಪ್ಪಂದು ಬಂದೈತಿ, ಹೆಗಲ ನಿಮ್ಮವ್ವಂದು" ಅಂದ. ನಾನು ಬೆರಗಾಗಿ ನೋಡಿದ್ದಕ್ಕೆ ಸಮಜಾಯಿಷಿಯನ್ನೂ ಕೊಟ್ಟ: "ಐವತ್ತು ವರ್ಷ ಈ ಊರ ಮಂದಿ ಬೆನ್ನ ನೋಡೀನಿ. ಮಾರಿ ನೋಡಾಕ ನನಗ ಪುರಸೊತ್ತ ಎಲ್ಲಿತ್ತು?"

ಈ ಅಜ್ಜ ಕಾಗದ ಕತ್ತರಿಸುವವನೇ ಅಲ್ಲ. ಎಲ್ಲ ತಲೆಯಲ್ಲಿ. ಕಣ್ಣು ಮುಚ್ಚಿಕೊಂಡು ಹೇಳತೊಡಗಿದ: "ನಿಮ್ಮವ್ವಂದು ಬೆನ್ನ ಎರಡು ಗೇಣ, ಮ್ಯಾಲ ಎರಡು ಬೆರಳ. ಕೊರಳ ನಾಕು ಬೆರಳ ಇಳೀಬೇಕು. ಎಡಾ ಹೆಗಲ ಅರ್ಧ ಬೆರಳ ತೆಳಗ. ಕೊಡಾ ಹೊತ್ತು ಹೊತ್ತು ಹಂಗಾಗಿತ್ತು."

ಅವ್ವ ಹೋಗಿ ಹನ್ನೊಂದು ವರ್ಷವಾಗಿತ್ತು. ಅವಳ ಎಡ ಹೆಗಲು ಅರ್ಧ ಬೆರಳು ಇಳಿದಿದ್ದುದು ನನಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಕೈಯಲ್ಲಿದ್ದ ಕಾಗದ ಮಂಜಾಗಿ ಕಂಡಿತು. ಅಜ್ಜ ಅದನ್ನು ನೋಡಿ, "ಅಳತಿ ಬರ್ಕೋಳಾಕ ಬಂದೀಯೋ, ತೋಯ್ಸಾಕ ಬಂದೀಯೋ?" ಅಂದ.

ಸ್ವಾಗತ

ತಂಗಿಯದು ಅವ್ವನದೇ ಮೈಕಟ್ಟು. ಅಜ್ಜನ ಅಳತೆ ಅವಳಿಗೆ ಸರಿ ಕೂಡಬೇಕು. ಖಣ ಮುಟ್ಟುವ ಮೊದಲು ಪರೀಕ್ಷೆಗೆಂದು ಹಳೆಯ ಮಾದರಪಾಟಿನ ಅರಿವೆಯಲ್ಲಿ ಒಂದು ಕುಪ್ಪಸ ಹೊಲಿದೆ. ಎರಡು ಗೇಣು, ಎರಡು ಬೆರಳು, ನಾಲ್ಕು ಬೆರಳು, ಎಲ್ಲ ಲೆಕ್ಕದ ಪ್ರಕಾರ. ಹೊಲಿಗೆ ಕಲಿಸುವವರು ನೀವು, ಟೇಪು ಹಿಡಿದು ಒಮ್ಮೆ ನೋಡಬಾರದಿತ್ತೇ ಎಂದು ಕೇಳುತ್ತೀರಿ. ಅಜ್ಜ ಹೇಳಿದ್ದರ ಮೇಲೆ ಟೇಪು ಹಿಡಿಯುವುದು ನನಗೆ ಅವ್ವನ ಮಾತಿಗೆ ಎದುರು ಮಾತಾಡಿದ ಹಾಗೆ ಅನಿಸಿತ್ತು.

ಪರೀಕ್ಷೆಯದೇ ಅಲ್ಲವೇ ಎಂದು ಮುಂಭಾಗ ತೆರೆಯದೆ ಮುಚ್ಚಿಯೇ ಹೊಲಿದಿದ್ದರಿಂದ, ತಂಗಿ ಎರಡೂ ಕೈ ಮೇಲೆತ್ತಿ ತೂರಿಸಿಕೊಂಡಳು. ಕುಪ್ಪಸ ಹೆಗಲಿಗೆ ಬಂದು ನಿಂತಿತು. ಕೆಳಗೂ ಬಾರದು, ಮೇಲೂ ಹೋಗದು. ನಾನು ಒಂದು ಕಡೆ ಜಗ್ಗಿದೆ, ಅವಳು ಇನ್ನೊಂದು ಕಡೆ ಒದ್ದಾಡಿದಳು. ಅಷ್ಟರಲ್ಲಿ ಬಾಗಿಲಲ್ಲಿ, "ಬೀಗರು ಅದಾರೇನ್ರಿ?" ಎಂಬ ದನಿ. ತಿಕೋಟಾದ ಬೀಗತಿ, ತಂಗಿಯ ಅತ್ತೆಯಾಗುವವರು, ಸಂತೆಗೆ ಬಂದವರು ಸೊಸೆಯನ್ನು ನೋಡಿಹೋಗೋಣವೆಂದು ನೇರವಾಗಿ ಒಳಗೇ ಬಂದುಬಿಟ್ಟರು. ತಂಗಿಯ ಮುಖದ ಮೇಲೆ ಮಾದರಪಾಟು, ಕೈ ಎರಡೂ ಅಟ್ಟದ ಕಡೆಗೆ.

ಬೀಗತಿ ಏನೂ ಆಗದವರ ಹಾಗೆ ಚೀಲ ಕೆಳಗಿಟ್ಟು, ಎರಡು ಕೈಯಿಂದ ಹಿಡಿದು ಒಂದೇ ಸಲ ಜಗ್ಗಿದರು. ಕುಪ್ಪಸ ಪರ್ರೆಂದು ಹರಿದು, ಒಳಗಿಂದ ತಂಗಿಯ ಕೆಂಪಾದ ಮುಖ ಹೊರಗೆ ಬಂತು. ಬೀಗತಿ ನಕ್ಕು, "ಸೊಸ್ತೇರು ಬಗ್ಗಿ ಕಾಲಿಗೆ ಬೀಳೂದು ನೋಡಿದ್ನಿ. ಕೈ ಮ್ಯಾಲೆತ್ತಿ ಶರಣು ಬಂದ ಸೊಸಿ ಇಕಿನ ಮೊದಲನೇದಾಕಿ" ಅಂದರು.

ಬುಟ್ಟಿಯ ಕೆಳಗೆ

ಹರಿದ ಕುಪ್ಪಸ ಎತ್ತಿಕೊಂಡು ಮತ್ತೆ ಬಬಲೇಶ್ವರಕ್ಕೆ ಹೋದೆ. ಅಜ್ಜ ಅದನ್ನು ತಿರುವಿ ಹಾಕಿ ನೋಡಿ, "ಯಾರ ಗೇಣ ಹಿಡದಿ?" ಅಂದ.

"ನಂದ ಹಿಡದ್ನಿ ಅಜ್ಜಾ."

"ನಿನ್ನ ಗೇಣ ಯಾಕ ಹಿಡದಿ? ಹೇಳಿದಾವ ನಾ ಅಲ್ಲೇನ?" ಎಂದು ತನ್ನ ಕೈಯನ್ನು ನನ್ನ ಕೈಯ ಪಕ್ಕಕ್ಕೆ ಹಿಡಿದ. ನನ್ನ ಗೇಣು ಅವನ ಗೇಣಿಗಿಂತ ಪೂರಾ ಎರಡು ಬೆರಳು ಗಿಡ್ಡ. ವಿಜಾಪುರಕ್ಕೆ ಬಂದು ಅಳೆದುಕೊಡು ಎಂದರೆ ಅಜ್ಜನ ಮೊಣಕಾಲು ಬೇಡ ಎನ್ನುತ್ತಿದ್ದವು. ಕೊನೆಗೆ ಒಂದು ದಪ್ಪ ಕಾಗದದ ಮೇಲೆ ಬೆರಳು ಅಗಲಿಸಿ ತನ್ನ ಬಲಗೈ ಊರಿದ. "ಸುತ್ತ ಗೆರಿ ಎಳಿ. ನಾ ಬರಾಕ ಆಗೂದಿಲ್ಲ, ನನ್ನ ಕೈ ಒಯ್ಯಿ." ಗೆರೆ ಎಳೆದು ಕತ್ತರಿಸಿದೆ. ಅರ್ಧ ಬೆರಳು, ಕಾಲು ಬೆರಳು ಎಲ್ಲಿಗೆ ಎಂಬುದಕ್ಕೆ ಅಜ್ಜನೇ ಇದ್ದಿಲಿನಿಂದ ಒಂದೊಂದು ಬೆರಳಿಗೂ ಕರಿ ಗೀಟು ಹಾಕಿಕೊಟ್ಟ.

ಖಣ ಕತ್ತರಿಸುವ ದಿನ ಅಪ್ಪ ಸ್ನಾನ ಮಾಡಿ ಬಂದು, "ಇದು ಹಿರ್ಯಾರ ಕೈ" ಎಂದು ಆ ಕಾಗದದ ಕೈಗೂ ಅರಿಷಿಣ ಕುಂಕುಮ ಏರಿಸಿದರು. ಖಣದ ಮೇಲೆ ಆ ಕೈ ಇಟ್ಟು ಗೆರೆ ಎಳೆದು ಕತ್ತರಿಸಿದೆ. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಕೊಡ ಹೊತ್ತು ಹೊತ್ತು ತಂಗಿಯ ಎಡ ಹೆಗಲೂ ಅರ್ಧ ಬೆರಳು ಇಳಿದಿತ್ತು. ಲಗ್ನದ ದಿನ ಅವಳು ಆ ಕುಪ್ಪಸ ತೊಟ್ಟು ಹೊರಗೆ ಬಂದಾಗ ಅಪ್ಪ ಒಂದು ಕ್ಷಣ ನೋಡಿ, ಕಂಬದ ಕಡೆ ಮುಖ ತಿರುಗಿಸಿಕೊಂಡು ನಿಂತುಬಿಟ್ಟರು. ಬಬಲೇಶ್ವರದ ಆ ಮುದುಕನಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದೆನೋ ಲೆಕ್ಕವಿಲ್ಲ.

ಲಗ್ನವಾಗಿ ನಾಲ್ಕನೆಯ ದಿನ ತಿಕೋಟಾದ ಬಸ್ಸಿನಲ್ಲಿ ಬಂದವರೊಬ್ಬರು ಸುದ್ದಿ ತಂದರು. "ಲಗೂನ ಬರಬೇಕಂತ್ರಿ. ಹುಡುಗಿ ಟ್ರಂಕಿನ್ಯಾಗ ಏನೋ ಸಿಕ್ಕೈತಂತ." ಅಪ್ಪ, ನಾನು ಕೂಡಲೇ ಹೊರಟೆವು. ದಾರಿಯುದ್ದಕ್ಕೂ ಒಂದೇ ಚಿಂತೆ. ತಾಯಿ ಇಲ್ಲದ ಹುಡುಗಿ, ಹೊಸ ಮನೆ, ಏನು ಅಪವಾದ ಬಂತೋ.

ಹೋಗಿ ನೋಡಿದರೆ ಅಂಗಳದ ನಡುವೆ ಒಂದು ಬುಟ್ಟಿ ಬೋರಲಾಗಿದೆ. ಬುಟ್ಟಿಯ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಎರಡು ನಿಂಬೆಹಣ್ಣು. ಓಣಿಯ ಮಂದಿಯೆಲ್ಲ ನಾಲ್ಕು ಮಾರು ದೂರ ನಿಂತಿದ್ದಾರೆ. ತಂಗಿಯ ಮಾವ ಕೈಯಲ್ಲಿ ಬಡಿಗೆ ಹಿಡಿದು ಕಾವಲು. ತಂಗಿ ಅಡಿಗೆಮನೆಯ ಬಾಗಿಲಲ್ಲಿ ಅತ್ತು ಕಣ್ಣು ಊದಿಸಿಕೊಂಡಿದ್ದಾಳೆ. ಸೀರೆಗಳ ನಡುವೆ ಸೇರಿಹೋಗಿದ್ದ ಅಜ್ಜನ ಕೈ, ಅರಿಷಿಣ ಕುಂಕುಮ, ಕರಿ ಗೀಟು ಸಮೇತ, ಆ ಬುಟ್ಟಿಯ ಕೆಳಗಿತ್ತು.

"ಮಾಟದ ಕೈ" ಎಂದಳು ಪಕ್ಕದ ಮನೆಯ ಮುದುಕಿ. ನಿಂಬೆಹಣ್ಣು ಇಟ್ಟವಳೂ ಅವಳೇ. ನಾನು ಗೇಣಿನ ಕಥೆ ಹೇಳಿದೆ. ಯಾರೂ ನಂಬಲಿಲ್ಲ. ಅಪ್ಪ ಹೇಳಿದರು. ಮಾಸ್ತರರಾದ್ದರಿಂದ ಪಾಠ ಮಾಡಿದ ಹಾಗೆ ಕೇಳಿಸಿತು, ಇನ್ನಷ್ಟು ನಂಬಲಿಲ್ಲ.

ಬೀಗತಿ ಇಷ್ಟು ಹೊತ್ತು ತಂಗಿಯ ಮುಖವನ್ನೇ ನೋಡುತ್ತಿದ್ದರು. ಎದ್ದು ಒಳಗೆ ಹೋಗಿ ಉಡಿ ತುಂಬಿದ್ದ ಒಂದು ಖಣ ತಂದು ನನ್ನ ಮುಂದೆ ಹಾಕಿದರು. "ಅಳತಿ ಕೈ ಅಂತೀಯಲ್ಲ, ನನ್ನ ಮ್ಯಾಲ ಹಿಡದು ಹೊಲದ ತೋರ್ಸು. ಮಾಟ ಆದ್ರ ನನಗ ಆಗ್ಲಿ" ಎಂದು ಬುಟ್ಟಿಯನ್ನು ತಾವೇ ಎತ್ತಿದರು. ಮಾವ ಬಡಿಗೆ ಸಮೇತ ಹಿಂದೆ ಸರಿದರು.

ಮಂದಿಯ ಎದುರಿಗೇ ಬೀಗತಿಯ ಬೆನ್ನ ಮೇಲೆ ಅಜ್ಜನ ಕೈ ಊರಿ ಊರಿ ಅಳೆದೆ. ಬೆನ್ನು ಎರಡೂವರೆ ಗೇಣು. ಕತ್ತರಿಸಿ, ಕೈಹೊಲಿಗೆ ಹಾಕಿ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಒಬ್ಬರೂ ಮನೆಗೆ ಹೋಗಿರಲಿಲ್ಲ. ಬೀಗತಿ ತೊಟ್ಟುಕೊಂಡು ಹೊರಗೆ ಬಂದು, ಕೈ ಮೇಲೆತ್ತಿದರು, ಕೆಳಗಿಳಿಸಿದರು, ಬಗ್ಗಿ ಒಂದು ಕೊಡ ಎತ್ತಿ ನೋಡಿದರು. ಎಲ್ಲಿಯೂ ಹಿಡಿಯಲಿಲ್ಲ, ಎಲ್ಲಿಯೂ ಸಡಿಲಾಗಲಿಲ್ಲ. ತಂಗಿಯನ್ನು ಹತ್ತಿರ ಕರೆದು, ತಮ್ಮ ಸೆರಗಿನಿಂದ ಅವಳ ಕಣ್ಣು ಒರೆಸಿದರು. ನನಗೆ ಹೋದ ಜೀವ ಬಂತು. ಆ ತಾಯಿಯ ಋಣ ನಾನು ಇವತ್ತಿಗೂ ತೀರಿಸಿಲ್ಲ.

ಮರುದಿನ ಬೆಳಿಗ್ಗೆ ನಾವು ಹೊರಡಬೇಕೆಂದು ಬಾಗಿಲು ತೆಗೆದರೆ, ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಖಣ ಕಂಕುಳಲ್ಲಿ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಎಲ್ಲರಿಗಿಂತ ಮುಂದೆ ಆ ನಿಂಬೆಹಣ್ಣಿನ ಮುದುಕಿ. ಒಬ್ಬೊಬ್ಬರ ಬೆನ್ನೂ ಒಂದೇ ಕೈಯಿಂದ ಅಳೆಯಬೇಕೆಂದರೆ ಮಧ್ಯಾಹ್ನವಾದೀತು ಎಂದು ನಾನು ಹೇಳುತ್ತಿದ್ದಂತೆ ಮುದುಕಿ ನನ್ನನ್ನು ಹತ್ತಿರ ಕರೆದು, ಕಿವಿಯಲ್ಲಿ ಕೇಳಿದಳು:

"ಯವ್ವಾ, ಆ ಅಜ್ಜಂದು ಎಡಗೈ ಮನ್ಯಾಗ ಬಿಟ್ಟು ಬಂದೀರೇನು?"